ಎಷ್ಟು ಕೆಜಿ ಇಳಿದೆ ಅಂತ ಕೇಳುವವರಿಗೆ

ಭಾನುವಾರ ತೀರ್ಥಹಳ್ಳಿ ಕಡೆ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ಆದದ್ದರ ಸಿಟ್ಟು ಇನ್ನೂ ತಣ್ಣಗಾಗಿಲ್ಲ. ಬರೆಯದಿದ್ದರೆ ಆಗುವುದೂ ಇಲ್ಲ.

ನಮ್ಮ ಚಿಕ್ಕಮ್ಮನ ಮಗಳಿಗೆ ಮೂರು ತಿಂಗಳ ಹಿಂದೆ ಬೇರಿಯಾಟ್ರಿಕ್ ಆಪರೇಷನ್, ಅಂದರೆ ತೂಕ ಇಳಿಸಲು ಜಠರಕ್ಕೆ ಮಾಡುವ ಆಪರೇಷನ್ ಆಗಿದೆ. ನನಗೂ ಇಂಥದ್ದೇ ಆಪರೇಷನ್ ಆಗಿತ್ತು, ಆಗ ಇಲ್ಲೇ ಬರೆದಿದ್ದೆ. ಹಾಗಾಗಿ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಅವಳು ನನಗೆ ಹೇಳುತ್ತಾಳೆ. ಮೂರು ವಾರದಿಂದ ತೂಕದ ಮೆಷಿನ್ ಒಂದೇ ಅಂಕಿ ತೋರಿಸುತ್ತಿದೆ ಅಂತ ಅವತ್ತು ಕಾರಿನಲ್ಲೇ ಹೇಳಿದಳು. "ಇರ್ಲಿ ಬಿಡೇ, ಇಳಿಯುತ್ತೆ" ಅಂದೆ. ಅವಳೂ ಸಮಾಧಾನ ಮಾಡಿಕೊಂಡಳು.

ಊಟದ ಹೊತ್ತಿಗೆ ಎಲ್ಲ ಹಾಳಾಯಿತು. ಅವಳು ಎಲೆಗೆ ಎರಡು ಚಮಚ ಹೆಸರುಬೇಳೆ ಕೋಸಂಬರಿ, ಸ್ವಲ್ಪ ಗಟ್ಟಿ ಮೊಸರು ಹಾಕಿಸಿಕೊಂಡಿದ್ದಳು. ಒಂದು ಸಣ್ಣ ತುತ್ತು ಬಾಯಿಗಿಟ್ಟು, ಕೈಯನ್ನು ಎಲೆಯ ಅಂಚಿನಲ್ಲಿ ಇಟ್ಟು, ಅದು ಪೂರ್ತಿ ನುಣ್ಣಗಾಗುವ ತನಕ ಅಗಿಯುತ್ತಿದ್ದಳು. ಆಮೇಲೆ ಇನ್ನೊಂದು ತುತ್ತು. ಪಕ್ಕದಲ್ಲಿದ್ದ ನೀರಿನ ಲೋಟ ಮುಟ್ಟಲಿಲ್ಲ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಕಾಯಬೇಕು. ಎದುರಿನ ಸಾಲಿನಿಂದ ಒಬ್ಬರು ದೊಡ್ಡಮ್ಮ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಎಷ್ಟು ಇಳ್ದೆ ಮಾರಾಯ್ತಿ? ಆಪರೇಷನ್ ಮಾಡ್ಸಿದ್ದು ಗೊತ್ತೇ ಆಗ್ತಾ ಇಲ್ವಲ್ಲ!"

ಪಾಪ, ಅವಳು ನಿಜ ಹೇಳಿದಳು. "14 ಕೆಜಿ ದೊಡ್ಡಮ್ಮ."

"ಅಷ್ಟೇನಾ? ಅಷ್ಟೊಂದು ದುಡ್ಡು ಸುರಿದು?"

ಹೋಳಿಗೆ ಬಡಿಸುತ್ತಿದ್ದ ಹುಡುಗ ಕೂಡ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. ಎಲೆ ಮಡಚಿ ಎದ್ದು ಹೋದಳು. ನಾನು ಹುಡುಕಿಕೊಂಡು ಹೋದಾಗ ಕೈ ತೊಳೆಯುವ ಕಡೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. "ಅಕ್ಕ, ನನಗೆ ಮಾತ್ರ ಇದು ವರ್ಕ್ ಆಗ್ತಾ ಇಲ್ಲ ಅನ್ಸುತ್ತೆ" ಅಂದಳು.

ಆ ಮಾತು ನನಗೆ ಎಷ್ಟು ಚೆನ್ನಾಗಿ ಗೊತ್ತು! ಆಪರೇಷನ್ ಆದ ಹೊಸತರಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಇದನ್ನೇ ನನಗೆ ಹೇಳಿಕೊಂಡು ಅತ್ತಿದ್ದೇನೆ. ಪ್ರಪಂಚದಲ್ಲಿ ಎಲ್ಲರಿಗೂ ಕೆಲಸ ಮಾಡಿದ ಆಪರೇಷನ್ ನನ್ನೊಬ್ಬಳ ಮೈಯಲ್ಲಿ ಸೋತಿತು ಅನ್ನುವ ಭಯ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಇಲ್ಲೇ ಮೊದಲು ಹೇಳುತ್ತಿರುವುದು.

ಮೂರು ತಿಂಗಳಿಗೆ 14 ಕೆಜಿ ಕಡಿಮೆಯಾ? ಮೊಣಕಾಲು ಸವೆತ ಇರುವ ದಪ್ಪ ಜನರ ನಡಿಗೆಯನ್ನು ಅಳೆದು ನೋಡಿದ್ದಾರೆ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿ ಕಡಿಮೆ ಆಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಹುಡುಗಿಯ ಮೊಣಕಾಲು ಹೆಜ್ಜೆಗೆ ಐವತ್ತು ಕೆಜಿಗಿಂತ ಜಾಸ್ತಿ ಭಾರ ಇಳಿಸಿಕೊಂಡಿದೆ. ಛತ್ರದ ಮೆಟ್ಟಿಲನ್ನು ಅವಳು ಕಂಬಿ ಹಿಡಿಯದೆ ಹತ್ತಿದಳು. ಅದನ್ನು ಯಾರೂ ನೋಡಲಿಲ್ಲ.

ಆ ದೊಡ್ಡಮ್ಮನ ಮನೆಯವರು ಅಡಿಕೆ ಬೆಳೆಗಾರರು. ಸಸಿ ನೆಟ್ಟು, ನೀರು ಹಾಯಿಸಿ, ಗೊಬ್ಬರ ಹಾಕಿ, ಐದಾರು ವರ್ಷ ಒಂದು ಕಾಯಿ ಕಾಣದೆ ಕಾಯುವ ಜನ. ಮೂರನೇ ತಿಂಗಳಿಗೆ ಸಸಿಯ ಹತ್ತಿರ ಹೋಗಿ "ಅಷ್ಟೇನಾ?" ಅಂತ ಅವರು ಯಾವತ್ತೂ ಕೇಳಿಲ್ಲ. ಮನುಷ್ಯರ ಮೈಗೆ ಮಾತ್ರ ಆ ತಾಳ್ಮೆ ಯಾಕಿಲ್ಲ?

ಈ ಆಪರೇಷನ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆಯೇ ಜನ ತೀರ್ಪು ಕೊಡುತ್ತಾರೆ. ಅವಳದ್ದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ, ಉಳಿಯುವುದು ಸಪೂರ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ನನ್ನದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಸ್ವಲ್ಪ ಕೆಳಗೆ ಜೋಡಿಸುತ್ತಾರೆ. ಆ ಚೀಲದಲ್ಲಿ ಮೊದಮೊದಲು ಹಿಡಿಯುವುದು ಸುಮಾರು 30 ಎಂಎಲ್, ಅಂದರೆ ಎರಡು ದೊಡ್ಡ ಚಮಚ. ಇದು ಈಗಿನವರ ಫ್ಯಾಷನ್ ಅಂತ ಪಂಕ್ತಿಯಲ್ಲಿ ಇನ್ಯಾರೋ ಅಂದರು. ಫ್ಯಾಷನ್ ಅಲ್ಲ. ಅಮೆರಿಕದ ಅಯೋವಾದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ ತೂಕ ಇಳಿಸಲು ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ್ದು 1966ರಲ್ಲಿ. ಅಲ್ಸರ್‌ಗೆ ಜಠರದ ಭಾಗ ತೆಗೆಸಿಕೊಂಡವರು ಆಮೇಲೆ ಸಣ್ಣಗೇ ಉಳಿಯುವುದನ್ನು ನೋಡಿ ಅವರಿಗೆ ಈ ದಾರಿ ಹೊಳೆದದ್ದು.

ತೂಕ ಮಧ್ಯೆ ನಿಲ್ಲುವುದು ಸೋಲಲ್ಲ ಅಂತ ಎಷ್ಟು ಸಲ ಹೇಳಬೇಕೋ ನನಗೆ ಗೊತ್ತಿಲ್ಲ. ಮೊದಲ ಒಂದೆರಡು ವಾರ ಸರಸರ ಇಳಿಯುತ್ತದೆ. ಅದರಲ್ಲಿ ಬಹುಪಾಲು ನೀರು. ನಮ್ಮ ಲಿವರ್ ಮತ್ತು ಮಾಂಸಖಂಡಗಳು ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಟ್ಟಿರುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಒಮ್ಮೆಲೇ ಕಡಿಮೆ ಆದಾಗ ದೇಹ ಮೊದಲು ಅದನ್ನು ಖರ್ಚು ಮಾಡುತ್ತದೆ, ನೀರೂ ಹೋಗುತ್ತದೆ. ಆಮೇಲೆ ದೇಹ ಆ ದಾಸ್ತಾನನ್ನು ಸ್ವಲ್ಪ ತುಂಬಿಕೊಳ್ಳುತ್ತದೆ, ನೀರು ವಾಪಸ್ ಬರುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಮೆಷಿನ್ ಮಾತ್ರ ಅಲ್ಲಾಡುವುದಿಲ್ಲ. ಎಷ್ಟೋ ಜನರಿಗೆ ಇದು ಮೂರನೇ ವಾರದ ಸುಮಾರಿಗೆ ಒಮ್ಮೆ ಬರುತ್ತದೆ, ಆಮೇಲೂ ಮತ್ತೆ ಮತ್ತೆ ಬರುತ್ತದೆ. ಮೈ ಸಣ್ಣದಾದಷ್ಟೂ ಅದು ಸುಡುವ ಶಕ್ತಿಯೂ ಕಡಿಮೆ, ಹಾಗಾಗಿ ವೇಗ ಇಳಿಯಲೇಬೇಕು. ಆದರೂ ಒಂದು ವರ್ಷ, ಒಂದೂವರೆ ವರ್ಷದ ತನಕ ತೂಕ ಇಳಿಯುತ್ತಾ ಹೋಗುತ್ತದೆ. ಮೂರನೇ ತಿಂಗಳಿಗೆ ಲೆಕ್ಕ ಮುಗಿಸುವುದಕ್ಕೆ ಇವರ್ಯಾರು?

ನನಗೂ ಹಾಗೆ ನಿಂತಿತ್ತು. ಆ ದಿನಗಳಲ್ಲೇ ರವಿಕೆ ಸರಿ ಮಾಡಿಸಲು ನಮ್ಮ ಬೀದಿಯ ಟೈಲರ್ ಹತ್ತಿರ ಹೋಗಿದ್ದೆ. ಅವರು ಬಾಯಲ್ಲಿ ಗುಂಡುಪಿನ್ ಕಚ್ಚಿಕೊಂಡು, ಎರಡೂ ಪಕ್ಕ ಬಟ್ಟೆ ಹಿಡಿದು ಚುಚ್ಚಿದರು. ತೋಳಿನ ಹತ್ತಿರ ಬೆರಳು ತೂರಿಸಿ ನೋಡಿದರು. "ಹೋದ ಸಲ ಹಿಡಿದಿದ್ದೂ ಲೂಸ್ ಆಗಿದೆ ಮೇಡಂ, ಇನ್ನು ಒಳಗೆ ಹಿಡಿಯೋಕೆ ಆಗಲ್ಲ, ಹೊಸದೇ ಹೊಲಿಸಿ" ಅಂದರು. ತೂಕದ ಮೆಷಿನ್ ಏನೂ ಆಗಿಲ್ಲ ಅನ್ನುತ್ತಿದ್ದ ವಾರ ಅದು. ಅವತ್ತಿನಿಂದ ನಾನು ನಂಬಿದ್ದು ಅಳತೆ ಟೇಪನ್ನು. ಸೊಂಟ, ತೋಳು, ಕುತ್ತಿಗೆ. ತಂಗಿಗೂ ಅದನ್ನೇ ಹೇಳಿದೆ.

ಇನ್ನೊಂದು ಸಿಟ್ಟು ಇದೆ, ಅದನ್ನೂ ಹೇಳುತ್ತೇನೆ. ಜನರ ತಲೆಗೆ ಈ ಆತುರ ತುಂಬಿದ್ದು ಜಾಹೀರಾತುಗಳು. ರಸ್ತೆ ಬದಿಯ ದೊಡ್ಡ ಬೋರ್ಡಿನಲ್ಲಿ ಎರಡು ಫೋಟೋ, ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳ್ಳಗೆ, ನಡುವೆ ಒಂದು ಬಾಣದ ಗುರುತು. ಆ ಬಾಣದ ಗುರುತಿನೊಳಗೆ ಒಂದೂವರೆ ವರ್ಷ ಇದೆ. ತಿಳಿನೀರು, ಆಮೇಲೆ ಹಾಲು ಮಜ್ಜಿಗೆ, ಆಮೇಲೆ ಮಿಕ್ಸಿಗೆ ಹಾಕಿದ ಬೇಳೆ, ಆಮೇಲೆ ಮೆತ್ತಗಿನ ಅನ್ನ, ಹೀಗೆ ವಾರಗಟ್ಟಲೆ ಹತ್ತುವ ಮೆಟ್ಟಿಲುಗಳಿವೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಸೇರಿಸುವ ಒದ್ದಾಟ ಇದೆ, ಅದೂ ನಮ್ಮಂಥ ಸಸ್ಯಾಹಾರಿ ಮನೆಯಲ್ಲಿ. ಎರಡು ಗುಟುಕು ನೀರು ಜಾಸ್ತಿಯಾದರೆ ಎದೆ ಒತ್ತುವ ದಿನಗಳಿವೆ. ಮೂರನೇ ತಿಂಗಳ ಹೊತ್ತಿಗೆ ಬಾಚಣಿಗೆಗೆ ಮುಷ್ಟಿ ಮುಷ್ಟಿ ಕೂದಲು ಬರುತ್ತದೆ. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ ಅಂತ ಡಾಕ್ಟರ್ ಹೇಳಿರುತ್ತಾರೆ, ಆದರೂ ಕನ್ನಡಿ ಮುಂದೆ ಜೀವ ಹಿಂಡುತ್ತದೆ. ಬೋರ್ಡಿನಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ.

"ಪ್ರೀತಿಯಿಂದ ಕೇಳ್ತಾರೆ, ನೀನು ಯಾಕೆ ಅಷ್ಟು ಮನಸ್ಸಿಗೆ ಹಚ್ಕೋತೀಯ" ಅಂತ ನಮ್ಮ ಮನೆಯವರು ವಾಪಸ್ ಬರುವಾಗ ಅಂದರು. ಕೇಳುವವರು ಇದ್ದರೆ ಶಿಸ್ತು ಇರುತ್ತದೆ ಅಂತಲೂ ಅಂದರು. ಇರಬಹುದು, ಪ್ರೀತಿ ಇರಬಹುದು. ಆದರೆ ಪ್ರೀತಿ ಇದ್ದವರು ಪಂಕ್ತಿಯಲ್ಲಿ ಕೂಗಿ ಕೇಳುವುದಿಲ್ಲ. ಶಿಸ್ತಿನ ಮಾತಂತೂ ಬೇಡವೇ ಬೇಡ. ಆ ಪ್ರಶ್ನೆಯಿಂದ ಏನಾಗುತ್ತದೆ ಅಂತ ನನಗೆ ಗೊತ್ತು. ಆ ರಾತ್ರಿ ಅವಳು ಊಟ ಬಿಟ್ಟಳು. ತಿನ್ನುವುದೇ ಮೂರು ಚಮಚ, ಅದನ್ನೂ ಬಿಟ್ಟರೆ ಪ್ರೋಟೀನ್ ಎಲ್ಲಿಂದ ಬರಬೇಕು? ಪ್ರೋಟೀನ್ ಸಾಲದಿದ್ದರೆ ಕರಗುವುದು ಮಾಂಸಖಂಡ. ಮಾಂಸಖಂಡ ಕರಗಿದರೆ ದೇಹ ಸುಡುವುದು ಇನ್ನೂ ಕಡಿಮೆ. ಬೇಗ ಇಳೀಲಿ ಅಂತ ಒತ್ತಾಯ ಮಾಡಿದವರೇ ಅವಳ ದಾರಿಗೆ ಕಲ್ಲು ಹಾಕಿದರು.

ಇಷ್ಟಕ್ಕೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಮೊದಲೇ ಜಾಸ್ತಿ ತೂಕ ಇದ್ದವರಿಗೆ ಜಾಸ್ತಿ ಕೆಜಿ ಇಳಿಯುತ್ತದೆ. ಎಳೆಯ ವಯಸ್ಸಿನವರಿಗೆ, ಗಂಡಸರಿಗೆ ಹೆಚ್ಚಾಗಿ ಬೇಗ. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ವಲ್ಪ ನಿಧಾನ. "ನಮ್ಮ ಆಫೀಸಿನವರೊಬ್ಬರು ಆರು ತಿಂಗಳಿಗೆ ನಲವತ್ತು ಇಳಿದ್ರು" ಅಂತ ಹೇಳುವವರಿಗೆ, ಆ ಪುಣ್ಯಾತ್ಮ ಎಷ್ಟರಿಂದ ಶುರು ಮಾಡಿದ್ದು ಅನ್ನುವುದೇ ಗೊತ್ತಿರುವುದಿಲ್ಲ. ಮೊದಲಿದ್ದ ತೂಕದ ಕಾಲು ಭಾಗ ಹೋದರೆ ಡಾಕ್ಟರುಗಳು ಒಳ್ಳೆಯ ಫಲ ಅನ್ನುತ್ತಾರೆ. 110 ಕೆಜಿ ಇದ್ದವರು ಎರಡು ವರ್ಷದ ಹೊತ್ತಿಗೆ 80ರ ಆಸುಪಾಸಿಗೆ ಬಂದರೆ ಆಪರೇಷನ್ ಗೆದ್ದ ಹಾಗೆ. 55ಕ್ಕೆ ಇಳಿದು ಸಿನಿಮಾ ಹೀರೋಯಿನ್ ಥರ ಕಾಣಬೇಕು ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ.

ಸ್ವೀಡನ್‌ನಲ್ಲಿ 1987ರಿಂದ ಸುಮಾರು 4,000 ದಪ್ಪ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡವರು, ಉಳಿದವರು ಮಾಡಿಸಿಕೊಳ್ಳದವರು. ಆಪರೇಷನ್ ಆದವರ ತೂಕ ತೀರಾ ಕೆಳಗೆ ಮುಟ್ಟಿದ್ದು ಒಂದರಿಂದ ಎರಡು ವರ್ಷದ ಹೊತ್ತಿಗೆ. ಆಮೇಲೆ ಸ್ವಲ್ಪ ವಾಪಸ್ ಬಂತು, ನಿಂತಿತು. ಹತ್ತು ವರ್ಷದ ಮೇಲೂ ಬೈಪಾಸ್ ಆದವರು ಮೊದಲಿನ ತೂಕಕ್ಕಿಂತ ಸರಾಸರಿ 25 ಪರ್ಸೆಂಟ್ ಕೆಳಗೆ ಇದ್ದರು. ಒಟ್ಟಾರೆ ಆಪರೇಷನ್ ಆದವರಲ್ಲಿ ಸಾವು ಕೂಡ ಕಡಿಮೆ. ನಾವು ಮಾಡಿಸಿಕೊಳ್ಳುವುದು ಆ ಹತ್ತು ವರ್ಷಕ್ಕೆ, ಆ ಆಯಸ್ಸಿಗೆ. ಮುಂದಿನ ಮದುವೆಯ ಫೋಟೋಗೆ ಅಲ್ಲ.

ನನಗಂತೂ ತೂಕಕ್ಕಿಂತ ಮೊದಲು ಇಳಿದದ್ದು ಶುಗರ್. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಇನ್ಸುಲಿನ್ ಕಡಿಮೆ ಮಾಡಿದ್ದರು. ಆಗ ಮೈ ಇನ್ನೂ ಮೊದಲಿನ ಹಾಗೇ ಇತ್ತು. ಊಟ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಅಲ್ಲಿಯ ಹಾರ್ಮೋನುಗಳು ಬದಲಾಗಿ ಹೀಗಾಗುತ್ತದಂತೆ. ಅಪ್ಪನನ್ನು ಸಕ್ಕರೆ ಕಾಯಿಲೆಗೆ ಕಳೆದುಕೊಂಡವಳು ನಾನು. ಕೊನೆಯ ವರ್ಷಗಳಲ್ಲಿ ಅವರ ಕಾಲು ಡ್ರೆಸಿಂಗ್ ಮಾಡುತ್ತಿದ್ದದ್ದು ನಾನೇ. ಇನ್ಸುಲಿನ್ ಅರ್ಧ ಆಯಿತು ಅಂದ ದಿನ ನನಗೆ ಏನನ್ನಿಸಿತು ಅಂತ ಹೇಳಲು ಬರುವುದಿಲ್ಲ. ಮನೆಗೆ ಬಂದವರು ಮಾತ್ರ ಕೇಳಿದ್ದು, "ಮುಖ ಏನೂ ಇಳಿದೇ ಇಲ್ವಲ್ಲ?"

ತಂಗಿಯ ಬಿಪಿ ಮಾತ್ರೆ ಎರಡರಿಂದ ಒಂದಕ್ಕೆ ಬಂದಿದೆ. ಗೊರಕೆ ನಿಂತಿದೆ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದವಳು ಈಗ ಬೆಳಗಿನ ತನಕ ಮಲಗುತ್ತಾಳೆ. ಮಗನ ಜೊತೆ ನೆಲದ ಮೇಲೆ ಕೂತು ಆಡಿ, ಯಾರ ಕೈಯನ್ನೂ ಹಿಡಿಯದೆ ಏಳುತ್ತಾಳೆ. ಕೇಳುವುದಾದರೆ ಇದನ್ನು ಕೇಳಿ. ನಿದ್ದೆ ಚೆನ್ನಾಗಿ ಬರ್ತಿದೆಯಾ? ಮೊಣಕಾಲು ಹೇಗಿದೆ? ಇವತ್ತು ನೀರು ಸರಿಯಾಗಿ ಕುಡಿದೆಯಾ? ಇಂಥ ಪ್ರಶ್ನೆಗೆ ಅವಳು ಅರ್ಧ ಗಂಟೆ ಉತ್ತರ ಹೇಳುತ್ತಾಳೆ, ಕೇಳಿ ನೋಡಿ. ಇನ್ನು ಬೈಪಾಸ್ ಆದವರಿಗೆ "ಒಂದೇ ಒಂದು ಹೋಳಿಗೆ, ಏನೂ ಆಗಲ್ಲ" ಅಂತ ಒತ್ತಾಯ ಮಾಡಬೇಡಿ. ಆಗುತ್ತದೆ. ಸಿಹಿ ಸೀದಾ ಕರುಳಿಗೆ ಇಳಿದು ಎದೆ ಡವಡವ ಅನ್ನುತ್ತದೆ, ಮೈ ಬೆವರುತ್ತದೆ, ಹೊಟ್ಟೆ ಕಲಸುತ್ತದೆ. ಸಂಭ್ರಮದ ಮನೆಯಲ್ಲಿ ಮಲಗುವ ಜಾಗ ಹುಡುಕಬೇಕಾಗುತ್ತದೆ.

ಆಪರೇಷನ್ ಆಗಿ, ಮೆಷಿನ್ ನೋಡಿ ನೋಡಿ ಸುಸ್ತಾಗಿರುವವರು ಇದನ್ನು ಓದುತ್ತಿದ್ದರೆ ನಿಮಗೂ ಎರಡು ಮಾತು. ವಾರಕ್ಕೆ ಒಂದೇ ಸಲ ತೂಕ ನೋಡಿ, ಒಂದೇ ಹೊತ್ತಿಗೆ. ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ದಿನಗಳಲ್ಲಿ ಒಂದೆರಡು ಕೆಜಿ ಹೆಚ್ಚು ಕಾಣುವುದು ನೀರು, ಅದಕ್ಕೆ ಅಳಬೇಡಿ. ತೂಕ ನಿಂತರೆ ಕಾಯಬಹುದು. ಆದರೆ ವಾಂತಿ ನಿಲ್ಲದಿದ್ದರೆ, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಒಂದು ದಿನವೂ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಬಿ1 ವಿಟಮಿನ್ ಬೇಗ ಖಾಲಿಯಾಗಿ ನರಕ್ಕೆ ಪೆಟ್ಟು ಬೀಳಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ತೂಕ ಇಳಿಯಿತು ಅಂತ ನಿಲ್ಲಿಸಬೇಡಿ, ಅವು ಜೀವಮಾನಕ್ಕೆ. ರಕ್ತ ಪರೀಕ್ಷೆ ಬರೆದುಕೊಟ್ಟ ತಾರೀಕಿಗೆ ಹೋಗಿ. ತಂಗಿಯದ್ದು ಬರುವ ಗುರುವಾರ ಇದೆ, ಜೊತೆಗೆ ನಾನೂ ಹೋಗುತ್ತಿದ್ದೇನೆ. ಯಾರಿಗಾದರೂ ಡಾಕ್ಟರ್ ಹತ್ತಿರ ಕೇಳಬೇಕಾದ್ದು ಇದ್ದರೆ ಇನ್‌ಬಾಕ್ಸ್‌ನಲ್ಲಿ ಬರೆಯಿರಿ, ಕೇಳಿಕೊಂಡು ಬರುತ್ತೇನೆ.