ಜಾಮೀನು ಸಿಕ್ಕಿದೆ, ಪಹಣಿ ಸಿಕ್ಕಿಲ್ಲ

ಇಂದು ನ್ಯಾಯಾಲಯದ ಆವರಣದಲ್ಲಿ ಕಂಡದ್ದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಗೂಡಂಗಡಿಯಲ್ಲಿ ಮದ್ಯದ ಪ್ಯಾಕೆಟ್ ಮಾರಿದ ಆರೋಪದಲ್ಲಿ ಬಂಧಿತನಾದ ಹುಡುಗನೊಬ್ಬನಿಗೆ ಜಾಮೀನು ಮಂಜೂರಾಗಿದ್ದರೂ, ಪಹಣಿ ಹಾಜರುಪಡಿಸುವ ಜಾಮೀನುದಾರ ಸಿಗದೆ ಅವನು ಜೈಲಿನಲ್ಲಿಯೇ ಇದ್ದಾನೆ. ಅವನ ತಾಯಿ ಸೆರಗಿನ ಗಂಟಿನಿಂದ ಆಧಾರ್, ರೇಷನ್ ಕಾರ್ಡುಗಳನ್ನು ಬಿಚ್ಚಿ ತೆಗೆದು, “ಇದು ನಡೆಯಂಗಿಲ್ವೇನಪ್ಪಾ?” ಎಂದು ಕಂಡಕಂಡ ಕರಿಕೋಟಿನವರನ್ನೆಲ್ಲ ಕೇಳುತ್ತಿದ್ದರು.

ಖಜಾನೆಯಲ್ಲಿ ಬಿಲ್ಲು ಪಾಸು ಮಾಡುತ್ತಲೇ ತಲೆ ನರೆತವನಾದ್ದರಿಂದ ನನಗೆ ಕಾನೂನಿಗಿಂತ ಮೊದಲು ಲೆಕ್ಕ ಕಾಣುತ್ತದೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಅಬಕಾರಿಯೊಂದರಿಂದಲೇ 40,000 ಕೋಟಿ ಸಂಗ್ರಹಿಸುವ ಗುರಿ. (ಶನಿವಾರದ ಸಂಜೆ ಆ ಗುರಿಗೆ ನನ್ನ ಅಳಿಲು ಸೇವೆಯೂ ಸಲ್ಲುತ್ತದೆ.) ಹುಡುಗ ಮಾರಿದ್ದು ಕಳ್ಳಭಟ್ಟಿಯಲ್ಲ, ಪರವಾನಗಿ ಪಡೆದ ಅಂಗಡಿಯಿಂದ ತಂದ, ಸರ್ಕಾರ ಆಗಲೇ ಸುಂಕ ಎಣಿಸಿಕೊಂಡಿದ್ದ ಮಾಲು. ಪರವಾನಗಿ ಇಲ್ಲದೆ ಮಾರಿದ್ದು ಅಪರಾಧವೇ, ವಿಚಾರಣೆ ನಡೆಯಲಿ. ಆದರೆ ಸುಂಕ ಬೊಕ್ಕಸಕ್ಕೆ, ಮಾರಿದವನು ಜೈಲಿಗೆ, ಅವನ ಅನ್ನ, ಕಾವಲು, ಔಷಧಿಯ ಖರ್ಚು ಮರಳಿ ಅದೇ ಬೊಕ್ಕಸದ ತಲೆಗೆ ಎಂಬ ಲೆಕ್ಕವನ್ನು ಯಾವ ಆಡಿಟರ್ ಒಪ್ಪುತ್ತಾನೆ?

“ಭದ್ರತೆಯಿಲ್ಲದೆ ಬಿಟ್ಟರೆ ಓಡಿಹೋಗುತ್ತಾರೆ” ಎನ್ನುವ ಮಿತ್ರರಿದ್ದಾರೆ. ಓಡಿಹೋಗುವವರನ್ನು ನಾವು ಕಂಡಿದ್ದೇವೆ. ಅವರು ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತುತ್ತಾರೆಯೇ ಹೊರತು ಗೂಡಂಗಡಿಗೆ ಬೀಗ ಹಾಕಿ ಪರಾರಿಯಾಗುವುದಿಲ್ಲ. ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದನ್ನು ಸುಪ್ರೀಂ ಕೋರ್ಟ್ ಮೋತಿರಾಮ್ ಪ್ರಕರಣದಲ್ಲಿ ತರಾಟೆಗೆ ತೆಗೆದುಕೊಂಡದ್ದು 1978ರಲ್ಲಿ. ಜಾಮೀನು ದೊರೆತು ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದು, ಸ್ಥಳೀಯ ಜಾಮೀನುದಾರರೇ ಬೇಕೆಂದು ಪಟ್ಟು ಹಿಡಿಯಬಾರದು ಎಂದು ಅದೇ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಬಡ ವಿಚಾರಣಾಧೀನ ಕೈದಿಗಳಿಗೆ ಹಣದ ನೆರವು ನೀಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂದಿದೆ. ಎಲ್ಲವೂ ಇದೆ, ಕಾಗದದಲ್ಲಿ. ಸೆರಗಿನಲ್ಲಿ ಕಾರ್ಡು ಕಟ್ಟಿಕೊಂಡು ಬಂದವರಿಗೆ ಇದನ್ನು ಹೇಳುವವರು ಆವರಣದಲ್ಲಿ ಒಬ್ಬರೂ ಇರಲಿಲ್ಲ. ಭೂಮಿಯೇ ಇಲ್ಲದವರು ಪಹಣಿಯನ್ನು ಎಲ್ಲಿಂದ ತರಬೇಕು? ಬಾಡಿಗೆಗೆ ಸಿಗುವ ಜಾಮೀನುದಾರರಂತೂ ಟೀ ಅಂಗಡಿಯ ಬಳಿಯೇ ಇರುತ್ತಾರೆ, ದರವನ್ನೂ ಹೇಳುತ್ತಾರೆ.

ಮುಂದಿನ ಮಾರ್ಚಿನ ಬಜೆಟ್ ಪುಸ್ತಕದಲ್ಲಿ ನನಗೆ ಬೇಕಾದದ್ದು ಒಂದೇ ಸಾಲು: ಜಾಮೀನು ಮಂಜೂರಾದ ಮೇಲೂ ಒಳಗಿರುವವರು ಎಷ್ಟು ಮಂದಿ, ಅವರ ಮೇಲೆ ಆಗುತ್ತಿರುವ ಖರ್ಚು ಎಷ್ಟು. ಬಾಟಲಿ ಬಾಟಲಿಯ ಲೆಕ್ಕ ಇಡಬಲ್ಲ ಸರ್ಕಾರಕ್ಕೆ ಇದು ಕಷ್ಟವೆಂದು ಮಾತ್ರ ಯಾರೂ ನನ್ನ ಮುಂದೆ ಹೇಳಬಾರದು.