ನೆಲ್ಲಿ ಮರದ ಬುಡದಲ್ಲಿ ಒಂದೂ ಸಸಿ ಇಲ್ಲ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದವರೆಲ್ಲ ಫೋಟೋ ಹಾಕಿ ‘ಎಷ್ಟು ಹಸಿರು!’ ಅಂತ ಬರೆಯುತ್ತಾರೆ. ನಿಜ, ಹಸಿರಾಗಿಯೇ ಇದೆ. ಆದರೆ ಮುಂದಿನ ಸಲ ಹೋದಾಗ ದಯವಿಟ್ಟು ಸ್ವಲ್ಪ ಬಗ್ಗಿ ನೆಲವನ್ನೂ ನೋಡಿ.

ಕಳೆದ ತಿಂಗಳು ಪೋಡಿನ, ಅಂದರೆ ಈ ಬೆಟ್ಟದ ಕಾಡಿನಲ್ಲೇ ಬಾಳಿಬಂದ ಸೋಲಿಗ ಬುಡಕಟ್ಟಿನವರ ಹಾಡಿಯ, ಹಿರಿಯರೊಬ್ಬರ ಜೊತೆ ಒಂದು ನೆಲ್ಲಿ ಮರ ನೋಡಲು ಹೋಗಿದ್ದೆ. ಹತ್ತು ಹೆಜ್ಜೆ ದೂರದಲ್ಲೇ ಲಂಟಾನ ಅನ್ನುವ ಕಳೆಪೊದೆ ತಡೆಯಿತು. ಆಳೆತ್ತರ, ಒಂದಕ್ಕೊಂದು ಹೆಣೆದುಕೊಂಡು, ಕೈಯೆಲ್ಲ ಗೀರು. ಅವರು ಮಚ್ಚಿನಿಂದ ಸವರಿ ದಾರಿ ಮಾಡಿ ಬುಡ ತೋರಿಸಿದರು. ಬರೀ ನೆರಳು, ಒಣಕಡ್ಡಿ. ನೆಲ್ಲಿಯ ಸಸಿ ಒಂದೂ ಇಲ್ಲ. ಮೇಲೆ ಕಾಯಿ ಮಾತ್ರ ಜೋತಾಡುತ್ತಿತ್ತು.

ಕಾಡಿನ ಮರಗಳು ಬದಲಾಗುವುದು ಕೊಡಲಿಯಿಂದ ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಇಲ್ಲಿ ಯಾರೂ ಮರ ಕಡಿದಿಲ್ಲ. ದೊಡ್ಡ ಮರ ನಿಂತೇ ಇದೆ, ಅದರ ಮರಿ ಏಳುತ್ತಿಲ್ಲ ಅಷ್ಟೇ. ಈ ಮರಕ್ಕೆ ವಯಸ್ಸಾಗಿ ಬಿದ್ದ ದಿನ ಆ ಜಾಗಕ್ಕೆ ಬರೋದು ಯಾರು?

ಮೊದಲು ಸೋಲಿಗರು ಬೇಸಿಗೆ ಶುರುವಿನಲ್ಲೇ, ನೆಲದಲ್ಲಿ ಇನ್ನೂ ತಂಪಿರುವಾಗ, ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ಎಲೆ ಸುಟ್ಟು, ಉರಿ ನೆಲದ ಮೇಲೇ ಹರಿದು ಆರುತ್ತಿತ್ತು. ದಪ್ಪ ತೊಗಟೆಯ ಮರಕ್ಕೆ ಏನೂ ಆಗುತ್ತಿರಲಿಲ್ಲ, ಎಳೇ ಲಂಟಾನ ಸಾಯುತ್ತಿತ್ತು, ಮಳೆ ಬಿದ್ದ ಕೂಡಲೇ ಹುಲ್ಲು ಬರುತ್ತಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಬ್ರಿಟಿಷರ ಕಾಲದಲ್ಲಿ ತೋಟದ ಚೆಂದಕ್ಕೆ ಅಂತ ಅಮೆರಿಕದ ಕಡೆಯಿಂದ ತಂದ ಲಂಟಾನಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇಕಿರಲಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೆಟ್ಟದ ತುಂಬ ಉದುರಿಸಿದವು. ವಿಜ್ಞಾನಿಗಳು 1997ರಲ್ಲಿ ನೋಡಿದ ಜಾಗಗಳಲ್ಲಿ ನೂರಕ್ಕೆ ಸುಮಾರು 40 ಕಡೆ ಇದ್ದ ಲಂಟಾನ, 2008ರ ಹೊತ್ತಿಗೆ ಹತ್ತಿರ ಹತ್ತಿರ 80 ಕಡೆ ಇತ್ತು. ಈಗ ಕಡುಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಒಣಗಿದ ಲಂಟಾನವೇ ಏಣಿಯಾಗಿ ಉರಿ ಮರದ ತಲೆಗೇ ಹತ್ತುತ್ತದೆ. ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರುವುದೂ ಅದೇ.

ನೆಲ್ಲಿಗೆ ಬದನಿಕೆಯ, ಅಂದರೆ ಮರದ ಮೇಲೇ ಬೆಳೆಯುವ ಪರಾವಲಂಬಿ ಗಿಡದ, ಕಾಟ ಬೇರೆ. ಅದರ ಅಂಟುಬೀಜವನ್ನು ಪುಟ್ಟ ಬದನಿಕೆ ಹಕ್ಕಿ ಕೊಂಬೆಗೆ ಒರೆಸಿ ಹೋಗುತ್ತದೆ, ಬೀಜ ಅಲ್ಲೇ ಬೇರೂರಿ ಮರದ ನೀರು ಹೀರುತ್ತದೆ. ಕಾಯಿ ಕೀಳಲು ಹತ್ತಿದ ಸೋಲಿಗರು ಬದನಿಕೆ ಹಿಡಿದ ಕೊಂಬೆಯನ್ನೂ ಕಡಿದು ಹಾಕುತ್ತಿದ್ದರು. ಸುಮಾರು 20 ವರ್ಷದ ಹಿಂದೆ ಕಾಯಿ ಕೀಳುವುದಕ್ಕೂ ತಡೆ ಬಂತು. ನಾನು ನೋಡಿದ ಮರದಲ್ಲಿ ಹನ್ನೊಂದು ಗೊಂಚಲು ಬದನಿಕೆ ಎಣಿಸಿದೆ.

ಬರೀ ಬೆಂಕಿ ನಿಂತಿದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮಳೆ, ಮೇವು, ಬೀಜ ಒಯ್ಯುವ ಜಿಂಕೆ, ಎಲ್ಲವೂ ಸೇರಿರುತ್ತವೆ. ಆದರೆ ಮನುಷ್ಯರು ಆಚೆ ಹೋದರೆ ಕಾಡು ತಾನಾಗಿ ಮೊದಲಿನಂತೆ ಆಗುತ್ತದೆ ಅನ್ನುವ ನಂಬಿಕೆ ಈ ಬೆಟ್ಟದಲ್ಲಿ ಸುಳ್ಳಾಗಿದೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ತರಗು ಬೆಂಕಿ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ಅರಣ್ಯ ಇಲಾಖೆಯವರು ಲಂಟಾನ ಕಿತ್ತು, ನೂರು ಎಕರೆಯಲ್ಲಾದರೂ ಅವರ ಕೈಯಲ್ಲೇ ಬೆಂಕಿ ಹಾಕಿಸಿ, ಐದು ವರ್ಷ ಸಸಿ ಎಣಿಸಿ ನೋಡಲಿ. ಎಣಿಸೋಕೆ ನಾನೂ ಬರುತ್ತೇನೆ.