ಸಣ್ಣ ಊರಿನ ಫೈನಲ್ ಅಂತೆ!

ಇವತ್ತು, 2025ರ ಜೂನ್ 5, ರಾತ್ರಿ ಎಂಟೂವರೆಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್ ಶುರು. ನಮ್ಮ ಇಂಡಿಯಾನಾ ಪೇಸರ್ಸ್, ಎದುರಿಗೆ ಓಕ್ಲಹೋಮಾ ಸಿಟಿ ಥಂಡರ್. ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಒಂದು ರಾತ್ರಿ ಖುಷಿಗೆ, ಇನ್ನೊಂದು ರಾತ್ರಿ ಸಂಕಟಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮನಸ್ಸಿನಲ್ಲಿರುವ ಸಿಟ್ಟು ಹೇಳಿಬಿಡುತ್ತೇನೆ. ಭಾನುವಾರದಿಂದ ಟಿವಿ ಹಾಕಿದರೂ ಅದೇ, ಪಾಡ್‌ಕಾಸ್ಟ್ ಕೇಳಿದರೂ ಅದೇ. ನ್ಯೂಯಾರ್ಕ್ ಇಲ್ಲ, ಲಾಸ್ ಏಂಜಲೀಸ್ ಇಲ್ಲ, ಬಾಸ್ಟನ್ ಇಲ್ಲ, ಎರಡೂ ಟಿವಿಯವರ ಲೆಕ್ಕಕ್ಕೆ 'ಸಣ್ಣ ಮಾರುಕಟ್ಟೆ'ಗಳು, ಈ ಫೈನಲ್ ಯಾರು ನೋಡುತ್ತಾರೆ ಅಂತ. ಜನ ಇರುವ ಊರಿಗೆ ಮಾರುಕಟ್ಟೆ ಅಂತ ಹೆಸರಿಟ್ಟರೆ ಕೇಳುವುದಕ್ಕೇ ಬೇಜಾರಾಗುತ್ತದೆ. ನಾನು ನೋಡುತ್ತೇನೆ. ನಮ್ಮ ಬೀದಿಯ ಎಲ್ಲರೂ ನೋಡುತ್ತಾರೆ. ಈ ಊರಿಗೆ ಈ ಫೈನಲ್ ಎಷ್ಟು ದೊಡ್ಡದು ಅಂತ ಇಲ್ಲಿ ಬದುಕಿದವರಿಗೆ ಗೊತ್ತು.

ನಾನು ಮೈಸೂರಿನವಳು. ಸ್ಕೂಲಿನಲ್ಲಿ ಸಿಮೆಂಟ್ ಕೋರ್ಟ್ ಮೇಲೆ ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದೆ. ಬಲೆ ಇರಲಿಲ್ಲ, ಬರೀ ಕಬ್ಬಿಣದ ರಿಂಗು. ಬಿದ್ದರೆ ಮಂಡಿ ತರಚಿ ಒಂದು ವಾರ ಉರಿ. 2012ರಲ್ಲಿ ಮದುವೆಯಾಗಿ ಪೇಸರ್ಸ್ ಊರಾದ ಇಂಡಿಯಾನಾಪೊಲಿಸ್‌ಗೆ ಬಂದಾಗ ಈ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಕಾರ್ ರೇಸ್ ಒಂದೇ. ಬಂದ ಮೇಲೆ ನೋಡಿದರೆ ಮನೆ ಮನೆ ಮುಂದೆ ರಿಂಗು, ಊರಾಚೆ ಹೋದರೆ ಜೋಳದ ಹೊಲದ ಪಕ್ಕದ ಕೊಟ್ಟಿಗೆಯ ಗೋಡೆಗೂ ರಿಂಗು. ಸಣ್ಣ ಸಣ್ಣ ಊರಿನ ಹೈಸ್ಕೂಲ್‌ಗಳಲ್ಲಿ ಸಾವಿರಾರು ಜನ ಕೂರುವ ಒಳಾಂಗಣಗಳಿವೆ. 1954ರಲ್ಲಿ ಮೈಲನ್ ಅನ್ನುವ ಪುಟ್ಟ ಊರಿನ ಶಾಲೆ, ಒಟ್ಟು 161 ಮಕ್ಕಳಿದ್ದ ಶಾಲೆ, ಮನ್ಸಿ ಸೆಂಟ್ರಲ್ ಅನ್ನುವ ದೊಡ್ಡ ಶಾಲೆಯನ್ನು 32-30ರಲ್ಲಿ ಸೋಲಿಸಿ ರಾಜ್ಯದ ಕಪ್ ಎತ್ತಿತು. ಇಲ್ಲಿನವರು ಅದನ್ನು ಮೊನ್ನೆ ನಡೆದದ್ದು ಅನ್ನುವ ಹಾಗೆ ಹೇಳುತ್ತಾರೆ. ಇಂಥ ಕಡೆ ಬಂದು ಸಣ್ಣ ಊರು ಅಂದರೆ ಜನ ಬೈಸಿಕೊಂಡೆವು ಅಂತ ಅಂದುಕೊಳ್ಳುವುದಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ವರ್ಷದ ಹಿರಿಯರೊಬ್ಬರಿದ್ದಾರೆ. ನನ್ನ ಮಗ ಅವರನ್ನು ಅಜ್ಜ ಅಂತಲೇ ಕರೆಯುವುದು. ಅವರಿಗೂ ಆ ಪದ ಅಭ್ಯಾಸವಾಗಿದೆ. ಕಳೆದ ವಾರ ಅವರ ಅಡುಗೆಮನೆಯ ಮೇಜಿನ ಮೇಲೆ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದರು. ಗುಂಡಿಗಳು, ಕೀಲಿಗಳು, ಅಡಿಯಲ್ಲಿ ಅರ್ಧ ಹರಿದ ಒಂದು ಟಿಕೆಟ್. ಅಂಚು ಹಳದಿಯಾಗಿದೆ, ಸೀಟ್ ನಂಬರ್ ಮಾತ್ರ ಕಾಣಿಸುತ್ತದೆ.

ಅದರ ಕಥೆ ಇದು. ಪೇಸರ್ಸ್ ಶುರುವಾದದ್ದು 1967ರಲ್ಲಿ, ಎಬಿಎ ಅನ್ನುವ ಬೇರೆ ಲೀಗ್‌ನಲ್ಲಿ. ಅಲ್ಲಿ 1970, 1972, 1973ರಲ್ಲಿ ಮೂರು ಸಲ ಚಾಂಪಿಯನ್. 1976ರಲ್ಲಿ ಆ ಲೀಗ್ ಮುಚ್ಚಿ, ನಾಲ್ಕು ತಂಡಗಳನ್ನು ಮಾತ್ರ ಎನ್‌ಬಿಎ ಒಳಗೆ ಬಿಟ್ಟುಕೊಂಡಿತು. ಅದೂ ಪುಕ್ಕಟೆ ಅಲ್ಲ, ತಲಾ 32 ಲಕ್ಷ ಡಾಲರ್ ಕಟ್ಟಿಸಿಕೊಂಡು. ಮೇಲಿಂದ ಮೊದಲ ಕೆಲವು ವರ್ಷ ಟಿವಿ ದುಡ್ಡಿನಲ್ಲಿ ಪಾಲೂ ಇಲ್ಲ. ಒಂದೇ ವರ್ಷಕ್ಕೆ ತಂಡ ಮುಳುಗುವ ಹಾಗಾಯಿತು. 8 ಸಾವಿರ ಸೀಸನ್ ಟಿಕೆಟ್ ಮಾರಿದರೆ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು ಅನ್ನುವ ಸ್ಥಿತಿ. 1977ರ ಜುಲೈನಲ್ಲಿ ಕೋಚ್ ಸ್ಲಿಕ್ ಲೆನರ್ಡ್ ಮತ್ತು ಅವರ ಹೆಂಡತಿ ನ್ಯಾನ್ಸಿ ಟಿವಿಯಲ್ಲಿ ಕೂತು, ರಾತ್ರಿಯಿಡೀ ಜನರ ಹತ್ತಿರ ನಮ್ಮ ತಂಡ ಉಳಿಸಿ ಅಂತ ಕೇಳಿದರು. ಜನ ಫೋನ್ ಮಾಡಿದರು. ಮಕ್ಕಳು ಚಿಲ್ಲರೆ ಕೂಡಿಸಿದರು. ಸಂಖ್ಯೆ 8 ಸಾವಿರ ದಾಟಿತು.

ನಮ್ಮ ಅಜ್ಜನಿಗೆ ಆಗ ಇಪ್ಪತ್ತೆರಡು. ಒಬ್ಬರೇ ಒಂದು ಸೀಸನ್ ಟಿಕೆಟ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಮೂವರನ್ನು ಸೇರಿಸಿ, ನಾಲ್ಕು ಜನಕ್ಕೆ ಒಂದು ಟಿಕೆಟ್ ತೆಗೆದುಕೊಂಡರಂತೆ. ಸರದಿ ಮೇಲೆ ಹೋಗುವುದು, ಹೋಗಿ ಬಂದವನು ಮಾರನೇ ದಿನ ಉಳಿದ ಮೂವರಿಗೆ ಊಟದ ಹೊತ್ತಿನಲ್ಲಿ ಇಡೀ ಪಂದ್ಯ ಹೇಳುವುದು. ಆ ನಾಲ್ವರಲ್ಲಿ ಈಗ ಇರುವುದು ಇವರೊಬ್ಬರೇ. ಟಿಕೆಟ್ ನನ್ನ ಕೈಗೆ ಕೊಟ್ಟು, "ಅದು ನಮ್ಮ ಸೀಟು" ಅಂದರು. ನನ್ನದು ಅನ್ನಲಿಲ್ಲ, ನೋಡಿ.

ಈ ತಂಡಕ್ಕೆ ಮಾಲೀಕರು ಬೇರೆ ಇದ್ದಾರೆ, ಕಾಗದ ಪತ್ರ ಅವರ ಹೆಸರಿನಲ್ಲಿದೆ. ಆದರೆ ನಲವತ್ತೆಂಟು ವರ್ಷದ ಹಿಂದೆ ಈ ಊರಿನ ಜನ ಬೆವರಿನ ದುಡ್ಡು ಹಾಕಿ ಉಳಿಸಿಕೊಂಡ ತಂಡ ಇದು. ಇವತ್ತು ಎದುರಿಗಿರುವ ಥಂಡರ್ ಕಥೆ ಇನ್ನೊಂದು ಥರ. ಅದು 2008ರವರೆಗೆ ಸಿಯಾಟಲ್‌ನಲ್ಲಿತ್ತು, ಸೋನಿಕ್ಸ್ ಅಂತ ಹೆಸರಿತ್ತು, 1979ರಲ್ಲಿ ಕಪ್ಪನ್ನೂ ಗೆದ್ದಿತ್ತು. ಒಂದು ದಿನ ಮಾಲೀಕರು ಅದನ್ನು ಎತ್ತಿಕೊಂಡು ಓಕ್ಲಹೋಮಾಗೆ ಹೋದರು. ಸಿಯಾಟಲ್ ದೊಡ್ಡ ಊರು, ಆದರೂ ಹೋಯಿತು. ಓಕ್ಲಹೋಮಾದ ಜನರ ಮೇಲೆ ನನಗೆ ಏನೂ ಇಲ್ಲ, ಅವರೂ ಪ್ರಾಣ ಬಿಟ್ಟು ಕೂಗುತ್ತಾರೆ. ಸಿಯಾಟಲ್‌ನಲ್ಲಿ ಇವತ್ತು ಈ ಪಂದ್ಯ ನೋಡುವ ಹಳೇ ಅಭಿಮಾನಿಗಳ ಹೊಟ್ಟೆಯುರಿ ನೆನೆದರೆ ಮಾತ್ರ ಆ ಹರಿದ ಟಿಕೆಟ್‌ನ ಬೆಲೆ ಗೊತ್ತಾಗುತ್ತದೆ.

ಉಳಿಸಿಕೊಂಡೆವು ಸರಿ, ಎನ್‌ಬಿಎ ಕಪ್ ಮಾತ್ರ ಇನ್ನೂ ಬಂದಿಲ್ಲ. ಇದಕ್ಕೆ ಮುಂಚೆ ಫೈನಲ್‌ಗೆ ಹೋದದ್ದೇ ಒಂದು ಸಲ, 2000ದಲ್ಲಿ. ಲ್ಯಾರಿ ಬರ್ಡ್ ಕೋಚ್, ರೆಜಿ ಮಿಲ್ಲರ್ ಆಟಗಾರ. ಲಾಸ್ ಏಂಜಲೀಸ್‌ನ ಲೇಕರ್ಸ್ ಎದುರು 4-2ರಲ್ಲಿ ಸೋಲು. ರೆಜಿ 18 ಸೀಸನ್ ಇದೇ ತಂಡಕ್ಕೆ ಆಡಿದರು. 1995ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಒಂಬತ್ತು ಸೆಕೆಂಡ್ ಒಳಗೆ 8 ಪಾಯಿಂಟ್ ಹೊಡೆದು ಅವರ ಕೈಯಲ್ಲಿದ್ದ ಪಂದ್ಯವನ್ನು ಕಿತ್ತುಕೊಂಡು ಬಂದವರು. 2005ರಲ್ಲಿ ಕಪ್ ಇಲ್ಲದೇ ನಿವೃತ್ತರಾದರು. 2013, 2014 ಎರಡು ವರ್ಷವೂ ಫೈನಲ್ ಬಾಗಿಲಲ್ಲಿ ಮಯಾಮಿ ತಡೆದು ನಿಲ್ಲಿಸಿತು. ಅದು ನಾನೇ ಕಣ್ಣಾರೆ ಕಂಡದ್ದು. ಒಂದು ವಿಷಯ ಮರೆಯುವ ಹಾಗಿಲ್ಲ. ಈ ಊರಿಗೆ ಚಾಂಪಿಯನ್‌ಶಿಪ್ ಬಂದೇ ಇಲ್ಲ ಅನ್ನುವವರು ನಮ್ಮ ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ಇಟ್ಟಿಲ್ಲ. ಇಂಡಿಯಾನಾ ಫೀವರ್ 2012ರಲ್ಲಿ ಡಬ್ಲ್ಯೂಎನ್‌ಬಿಎ ಗೆದ್ದಿದೆ. ನಾನು ಬಂದ ವರ್ಷವೇ!

ರೆಜಿ ಹಾಗೆ ಒಂದೇ ತಂಡಕ್ಕೆ 18 ವರ್ಷ ಅಂದಾಗ ನಮ್ಮವರಿಗೆ ಯಾರು ನೆನಪಾಗುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಮಂಗಳವಾರ ನಮ್ಮ ಮನೆಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಆರ್‌ಸಿಬಿ 6 ರನ್‌ಗಳಿಂದ ಐಪಿಎಲ್ ಫೈನಲ್ ಗೆದ್ದಾಗ ಇಲ್ಲಿ ಮಧ್ಯಾಹ್ನ. ಕೊನೇ ಓವರ್‌ನಲ್ಲೇ ಕೊಹ್ಲಿ ಕಣ್ಣು ತುಂಬಿಕೊಂಡದ್ದು ನೋಡಿ ನಮ್ಮನೆಯವರೂ ಅತ್ತರು, ಮಗ ಅಪ್ಪನ ಮುಖವನ್ನೇ ನೋಡುತ್ತಾ ನಿಂತಿದ್ದ. ರಾತ್ರಿ ಒಂದು ಗಂಟೆವರೆಗೆ ಊರಿಗೆ ಫೋನು.

ಬುಧವಾರ ಬೆಳಗ್ಗೆ ಎದ್ದು ಫೋನ್ ನೋಡಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತ. ಹನ್ನೊಂದು ಜನ. ಕಪ್ ನೋಡುವುದಕ್ಕೆ ಅಂತ ಮನೆಯಿಂದ ಹೊರಟ ಮಕ್ಕಳು. ನಿನ್ನೆ ಇಡೀ ದಿನ ಈ ಬರಹ ಬರೆಯಲು ಮನಸ್ಸೇ ಬರಲಿಲ್ಲ. ಅಮ್ಮ ಮೈಸೂರಿನಿಂದ ಫೋನ್ ಮಾಡಿ, "ನೀವು ಅಲ್ಲಿ ಆಟ ನೋಡೋಕೆ ಅಂತ ಗುಂಪಿಗೆ ಹೋಗಬೇಡಿ ಕಣಮ್ಮಾ" ಅಂದರು. ಕಳೆದ ಶನಿವಾರ ನಾವು ನ್ಯೂಯಾರ್ಕ್‌ನ ಸೋಲಿಸಿ ಫೈನಲ್ ಸೇರಿದಾಗ ನಾವು ಮೂವರೂ ಡೌನ್‌ಟೌನ್‌ಗೆ ಹೋಗಿದ್ದೆವು. ರಸ್ತೆ ತುಂಬಾ ಜನ, ಮಗ ನನ್ನ ಕೈ ಕೊಸರಿಕೊಂಡು ಮುಂದೆ ಓಡಿದ್ದ, ಒಂದು ನಿಮಿಷ ಕಾಣಿಸಿರಲಿಲ್ಲ. ಆಗ ಅದು ಸುಮ್ನೆ ಒಂದು ನಿಮಿಷ ಅನ್ನಿಸಿತ್ತು. ನಿನ್ನೆಯಿಂದ ಆ ಒಂದು ನಿಮಿಷ ತಲೆಯಿಂದ ಹೋಗುತ್ತಿಲ್ಲ. ಆ ಹನ್ನೊಂದು ಮನೆಗಳಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಅಮ್ಮನ ಮಾತಿನ ಹಾಗೆ ಇವತ್ತಿನ ಪಂದ್ಯ ಮನೆಯಲ್ಲೇ.

ಇನ್ನು ಈ ತಂಡದ ಬಗ್ಗೆ. ಸೀಸನ್ ಶುರುವಿನಲ್ಲಿ ಇವರದ್ದು 10 ಗೆಲುವು, 15 ಸೋಲು. ಡಿಸೆಂಬರ್‌ನಲ್ಲಿ ಯಾರಾದರೂ ಫೈನಲ್ ಅಂದಿದ್ದರೆ ನಾನೇ ನಂಬುತ್ತಿರಲಿಲ್ಲ. ಅಲ್ಲಿಂದ 50-32ಕ್ಕೆ ಬಂದು ನಿಂತರು. ನಮ್ಮ ಟೈರೀಸ್ ಹಾಲಿಬರ್ಟನ್‌ನನ್ನು ಏಪ್ರಿಲ್‌ನಲ್ಲಿ ಎನ್‌ಬಿಎ ಆಟಗಾರರೇ ಹೆಸರು ಹೇಳದ ಮತದಾನದಲ್ಲಿ 'ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡವನು' ಅಂತ ಮೊದಲ ಸ್ಥಾನಕ್ಕೆ ಆರಿಸಿದರು. ಆಮೇಲೆ ಅವನು ಮಾಡಿದ್ದು ನೋಡಿ. ಪ್ಲೇಆಫ್‌ನಲ್ಲಿ ಮಿಲ್ವಾಕಿ ವಿರುದ್ಧ 1.3 ಸೆಕೆಂಡ್ ಉಳಿದಿರುವಾಗ ನುಗ್ಗಿ ಚೆಂಡು ಹಾಕಿ ಗೆಲ್ಲಿಸಿದ. 64 ಪಂದ್ಯ ಗೆದ್ದು ಬಂದಿದ್ದ ಕ್ಲೀವ್‌ಲ್ಯಾಂಡ್ ವಿರುದ್ಧ 1.1 ಸೆಕೆಂಡ್ ಉಳಿದಿರುವಾಗ ದೂರದಿಂದ ಮೂರು ಪಾಯಿಂಟ್.

ನ್ಯೂಯಾರ್ಕ್ ಎದುರಿನ ಮೊದಲ ಪಂದ್ಯವನ್ನಂತೂ ಸಾಯುವವರೆಗೂ ಮರೆಯುವುದಿಲ್ಲ. ಮೂರು ನಿಮಿಷಕ್ಕಿಂತ ಕಡಿಮೆ ಉಳಿದಿದೆ, ನಾವು 14 ಪಾಯಿಂಟ್ ಹಿಂದೆ. ನಮ್ಮನೆಯವರು ಪಾತ್ರೆ ತೊಳೆಯಲು ಎದ್ದುಹೋದರು. ಆಮೇಲೆ ಆರನ್ ನೆಸ್ಮಿತ್ ಶುರು ಮಾಡಿದ. ಒಂದು, ಇನ್ನೊಂದು, ಮತ್ತೊಂದು, ಆ ಒಂದೇ ಕ್ವಾರ್ಟರ್‌ನಲ್ಲಿ ಆರು ತ್ರೀ, ಅಂದರೆ ದೂರದಿಂದ ಹೊಡೆದ ಮೂರು ಪಾಯಿಂಟಿನ ಎಸೆತಗಳು. ಅಡುಗೆಮನೆಯ ನಲ್ಲಿ ಬಿಟ್ಟಿದ್ದು ಬಿಟ್ಟ ಹಾಗೇ ಇದೆ, ಇವರು ಸೋಪಿನ ಕೈಯಲ್ಲೇ ಬಂದು ಟಿವಿ ಮುಂದೆ ನಿಂತಿದ್ದಾರೆ. ಕೊನೇ ಕ್ಷಣಕ್ಕೆ ಹಾಲಿಬರ್ಟನ್ ಹಿಂದೆ ಸರಿದು ಎಸೆದ. ಚೆಂಡು ರಿಂಗಿನ ಹಿಂಬದಿಗೆ ತಾಗಿ ನೇರ ಮೇಲಕ್ಕೆ ಹೋಯಿತು, ಬೋರ್ಡ್‌ಗಿಂತಲೂ ಮೇಲೆ. ಅದು ಅಲ್ಲೇ ನಿಂತ ಹಾಗೆ ಕಂಡಿತು. ಆಮೇಲೆ ಸೀದಾ ಬಂದು ಬಲೆಯೊಳಗೆ ಬಿತ್ತು. ಗೆದ್ದೆವು ಅಂದುಕೊಂಡು ಅವನು, ಎದುರಾಳಿಗೆ ಉಸಿರು ಕಟ್ಟಿತು ಅನ್ನುವ ಹಾಗೆ, ತನ್ನ ಕತ್ತು ಹಿಡಿದು ತೋರಿಸಿದ, 1994ರಲ್ಲಿ ರೆಜಿ ಅದೇ ಅಂಗಣದಲ್ಲಿ ತೋರಿಸಿದ್ದ ಹಾಗೆ, ಮತ್ತು ಆ ರೆಜಿಯೇ ಅವತ್ತು ಕಾಮೆಂಟರಿಗೆ ಕೂತಿದ್ದರು! ಆದರೆ ಹಾಲಿಬರ್ಟನ್ ಕಾಲು ಮೂರು ಪಾಯಿಂಟಿನ ಗೆರೆ ಮೇಲಿತ್ತು, ಎರಡೇ ಪಾಯಿಂಟ್, ಪಂದ್ಯ ಟೈ. ಓವರ್‌ಟೈಮ್‌ನಲ್ಲಿ 138-135ಕ್ಕೆ ಗೆದ್ದೆವು. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಜನ ಮನೆ ಹೊರಗೆ ಬಂದು ಕೂಗಿದ್ದನ್ನು ಹದಿಮೂರು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ನಮ್ಮ ದೇಶಕ್ಕೂ ಈ ತಂಡಕ್ಕೂ ಒಂದು ನಂಟಿದೆ. ಭಾರತದಲ್ಲಿ ಎನ್‌ಬಿಎ ತಂಡಗಳು ಮೊದಲ ಸಲ ಆಡಿದ್ದು 2019ರ ಅಕ್ಟೋಬರ್‌ನಲ್ಲಿ, ಮುಂಬೈನಲ್ಲಿ. ಆಡಿದ್ದು ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ಪಂದ್ಯ ಓವರ್‌ಟೈಮ್‌ಗೆ ಹೋಗಿ 132-131ರಲ್ಲಿ ನಮ್ಮವರು ಗೆದ್ದರು. ನನಗೆ ಅದು ಆಫೀಸಿನ ಹೊತ್ತು, ಫೋನ್ ಕೀಬೋರ್ಡ್ ಪಕ್ಕ ಇಟ್ಟುಕೊಂಡು ನೋಡಿದೆ. ಅವತ್ತು ನಮ್ಮಲ್ಲಿದ್ದ ಸಬೋನಿಸ್‌ನನ್ನು 2022ರಲ್ಲಿ ಅದೇ ಕಿಂಗ್ಸ್‌ಗೆ ಕೊಟ್ಟೆವು, ಬದಲಿಗೆ ಬಂದವನೇ ಹಾಲಿಬರ್ಟನ್. ಇನ್ನೂ ಹಿಂದೆ ಹೋದರೆ ಆ ಸಬೋನಿಸ್ ಬಂದದ್ದು 2017ರಲ್ಲಿ ಪಾಲ್ ಜಾರ್ಜ್‌ನನ್ನು ಓಕ್ಲಹೋಮಾಗೆ ಕಳಿಸಿದ್ದಕ್ಕೆ. ಓಕ್ಲಹೋಮಾ ಅದೇ ಪಾಲ್ ಜಾರ್ಜ್‌ನನ್ನು ಎರಡು ವರ್ಷ ಬಿಟ್ಟು ಕ್ಲಿಪ್ಪರ್ಸ್‌ಗೆ ಕೊಟ್ಟು ಶಾಯ್ ಗಿಲ್ಜಸ್-ಅಲೆಕ್ಸಾಂಡರ್‌ನನ್ನು ತಂದಿತು. ಅವನು ಈ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ. ಎರಡೂ ತಂಡದ ಬೇರು ಒಬ್ಬನೇ ಆಟಗಾರನಲ್ಲಿದೆ, ಅವನು ಮಾತ್ರ ಎರಡೂ ಕಡೆ ಇಲ್ಲ. ಇಷ್ಟು ಒಳ್ಳೆ ಕಥೆ ಇರುವಾಗ ಟಿವಿಯವರು ಊರಿನ ಜನಸಂಖ್ಯೆ ಎಣಿಸುತ್ತಾ ಕೂತಿದ್ದಾರಲ್ಲ!

ಭಯ ಇದೆಯಾ ಅಂದರೆ ಇದೆ. ಥಂಡರ್ ಈ ಸೀಸನ್‌ನಲ್ಲಿ 68 ಗೆದ್ದು 14 ಸೋತಿದೆ. ನಮ್ಮ ಜೊತೆ ಎರಡು ಸಲ ಆಡಿದರು, ಎರಡರಲ್ಲೂ ನಾವೇ ಸೋತೆವು, ಒಂದರಲ್ಲಿ ಶಾಯ್ ಒಬ್ಬನೇ 45 ಹೊಡೆದ. ಅವರ ಡಿಫೆನ್ಸ್ ಕೈಯಲ್ಲಿರುವ ಚೆಂಡನ್ನೇ ಕಸಿದುಕೊಂಡು ಹೋಗುತ್ತದೆ. ಆದರೆ ನಮ್ಮವರು ಚೆಂಡನ್ನು ಸುಲಭವಾಗಿ ಕಳೆದುಕೊಳ್ಳುವವರಲ್ಲ. ಹತ್ತು ಜನ ಸರದಿ ಮೇಲೆ ಬಂದು ಓಡುತ್ತಾರೆ, ಓಡಿಸುತ್ತಾರೆ, ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಎದುರಾಳಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ಹಾಗೆ ಮಾಡುತ್ತಾರೆ. ಟೊರಾಂಟೊ ಜೊತೆ 2019ರಲ್ಲಿ ಕಪ್ ಗೆದ್ದ ಸಿಯಾಕಮ್ ಇದ್ದಾನೆ, ಡಲ್ಲಾಸ್‌ಗೆ 2011ರಲ್ಲಿ ಕಪ್ ಗೆಲ್ಲಿಸಿದ ಕೋಚ್ ಕಾರ್ಲೈಲ್ ಇದ್ದಾರೆ. ಹತ್ತು ವರ್ಷದಿಂದ ಪ್ರತಿ ಸಲ ಮಾರಿಬಿಡುತ್ತಾರಂತೆ ಅನ್ನಿಸಿಕೊಂಡೂ ಇಲ್ಲೇ ಉಳಿದ ಮೈಲ್ಸ್ ಟರ್ನರ್ ಇದ್ದಾನೆ. ಅವನಿಗಾದರೂ ಈ ಕಪ್ ಬರಬೇಕು. ನನ್ನ ಲೆಕ್ಕ ಪೇಸರ್ಸ್ ಆರು ಪಂದ್ಯದಲ್ಲಿ. ಆರನೆಯದು 19ಕ್ಕೆ, ನಮ್ಮ ಊರಿನಲ್ಲೇ.

ಅಜ್ಜ ಎಂಟಕ್ಕೆ ಬರುತ್ತಾರೆ. ಆ ಟಿಕೆಟ್ ತರುತ್ತೇನೆ, ಟಿವಿ ಕೆಳಗೆ ಇಡೋಣ ಅಂದಿದ್ದಾರೆ. ಮಗ ಸ್ಕೂಲಿಗೆ ರಜೆ ಸಿಕ್ಕಿದಾಗಿನಿಂದ ಹಾಲಿಬರ್ಟನ್ ಸೊನ್ನೆ ನಂಬರ್ ಜೆರ್ಸಿ ಬಿಚ್ಚಿಲ್ಲ, ಒಗೆಯಲೂ ಕೊಡುತ್ತಿಲ್ಲ. ಪಂದ್ಯ ಶುರುವಾಗುವಾಗ ಅಮ್ಮನಿಗೆ ಶುಕ್ರವಾರ ಬೆಳಗ್ಗೆ ಆರು. "ಹೇಗಿದ್ರೂ ಎದ್ದಿರ್ತೀನಿ, ವಾಕಿಂಗ್‌ಗೆ ಹೋಗೋ ಮುಂಚೆ ಒಂದ್ಸಲ ವಿಡಿಯೋ ಕಾಲ್ ಮಾಡು, ಆ ಹಳದಿ ಟೀಮ್‌ನವರನ್ನ ನಾನೂ ನೋಡ್ತೀನಿ" ಅಂದಿದ್ದಾರೆ. ಚುರುಮುರಿಗೆ ಈರುಳ್ಳಿ, ಟೊಮೆಟೊ ಇನ್ನೂ ಹೆಚ್ಚಿಲ್ಲ.